ಗಳದ ಮ್ಯಾಲಿನ ಧೋತ್ರ

ಏನ್ರೀ, ಕೇಳಿದ್ರೇನು?

ಇವತ್ತ ನಿಮ್ಮ ನಾಕನೇ ಮಾಸಿಕ ಶ್ರಾದ್ಧ. ಮಾಡಸಲಿಕ್ಕೆ ಕಮಲಾಪುರದಿಂದ ಗುಂಡಾಚಾರ್ಯರು ಬಂದಿದ್ರು. ಅವರ ಎಡಗೈ ರಟ್ಟಿ ಬಾತಿತ್ತು. ಅತ್ತಿಯವರು ಏನಾತಂತ ಕೇಳಿದ್ರು.

“ಪ್ಲೇಗಿನ ಸೂಜಿ ಹಾಕಿಸ್ಕೊಂಡೀನ್ರೀ. ಮಠದಿಂದ ಅಪ್ಪಣೆ ಆಗೇದ, ಆಮ್ಯಾಲ ಪಂಚಗವ್ಯ ತೊಗೊಂಡ್ರ ಸಾಕು. ಅಖಬಾರದಾಗೂ ಈಗ ಸೂಜಿ ಛಲೋ ಅಂತ ಬರದಾರ.”

ಇದೇ ಆಚಾರ್ಯರಲ್ಲೇನು, ಹೋದ ದಸರಾದಾಗ ನಮ್ಮ ಈ ಶಹಾಬಜಾರದ ಮನಿ ಕಟ್ಟಿ ಮ್ಯಾಲನ ಕೂತು, ಅದೇ ಅಖಬಾರ ಓದಿ, ಸೂಜಿಯೊಳಗ ಮಾಂಸದ ರಸ ಇರ್ತದ, ಹಾಕಿಸ್ಕೊಂಡವರ ಕೈಯಿಂದ ದೇವರು ನೀರು ಮುಟ್ಟೂದಿಲ್ಲ ಅಂದವರು? ಅದನ್ನ ನಂಬಿ ನೀವು ಸೂಜಿ ಹಾಕಲಿಕ್ಕೆ ಬಂದ ಡಾಕ್ಟರನ್ನ ಬಾಗಲದಿಂದನ ಹೊಳ್ಳಿ ಕಳಿಸಿದ್ರಿ. ನಾ ಒಳಗ ಹೂಬತ್ತಿ ಮಾಡಕೋತ ಕೂತಿದ್ದೆ.

ಇವತ್ತೂ ಕದದ ಹಿಂದ ನಿಂತಿದ್ದೆ.

ಸ್ನಾನ ಮಾಡಿ ಬಂದು ಆಚಾರ್ಯರು ಮಡಿ ಅರಿವಿ ಒಣಹಾಕೋ ಗಳದ ಕಡೆ ನೋಡಿದ್ರು. “ಆ ಮಡಿ ಧೋತ್ರ ಇಳಿಸಿ ಕೊಡಮ್ಮಾ. ನಂದು ಹಾದ್ಯಾಗ ಮೈಲಿಗಿ ಆಗೇದ.”

ಅದು ನಿಮ್ಮ ಧೋತ್ರ. ನೀವು ಜ್ವರಕ್ಕ ಹಾಸಿಗಿ ಹಿಡಿದ ದಿನ ಮುಂಜಾನೆ ನಾನ ಒಗದು ಹಾಕಿದ್ದು. ಅವತ್ತಿನಿಂದ ಯಾರಿಗೂ ಇಳಿಸಗೊಟ್ಟಿಲ್ಲ.

“ಅದು ಇನ್ನೂ ಒಣಗಿಲ್ರೀ,” ಅಂದೆ.