ಪಿಕಪ್ಪಿನ ಕೀಲಿ ನನ್ನ ಹತ್ತಿರ ಇದೆ

ಡ್ವೇನ್ ಅಣ್ಣಾ,

ಹುಡುಕಬೇಡ, ಪಿಕಪ್ಪಿನ ಕೀಲಿಯನ್ನು ನಾನೇ ಕೆಲಸಕ್ಕೆ ಒಯ್ದಿದ್ದೇನೆ. ಮಧ್ಯಾಹ್ನದ ಮೇಲೆ ಮತ್ತೆ ಬಿರುಗಾಳಿ ಏಳುತ್ತದೆ ಅಂತ ರೇಡಿಯೋದಲ್ಲಿ ಹೇಳಿದರು.

ಒಲೆಯ ಮೇಲೆ ಬೀನ್ಸ್ ಇದೆ, ಬಿಸಿ ಮಾಡಿಕೋ. ಅಜ್ಜಿಯ ಮಾತ್ರೆ, ಟಾರ್ಚು ಎರಡನ್ನೂ ನೆಲಮಾಳಿಗೆಗೆ ಇಳಿಸಿಡು. ಅಲ್ಲಿ ತುಂಬಿರುವ ನಿನ್ನ ಕ್ಯಾಮೆರಾ ಪೆಟ್ಟಿಗೆಗಳನ್ನು ಮೊದಲು ತೆಗೆ. ಅಜ್ಜಿ ಎಲ್ಲಿ ಕೂರಬೇಕು?

ನಿನ್ನೆ ಊಟಕ್ಕೆ ಕೂತಾಗ ನೀನು ಸುಂಟರಗಾಳಿಯ ಫೋಟೋ ತೋರಿಸಿ, "ನೋಡೇ ಪುಕ್ಕಲಿ, ನಾನು ಫೋಟೋ ಹಿಡೀಲಿ ಅಂತ ಅಲ್ಲಾಡದೆ ನಿಂತಿತ್ತು" ಅಂದೆ. ನೀನು ಮಲಗಿದ ಮೇಲೆ ನಾನು ಅವನ್ನೆಲ್ಲ ಮತ್ತೆ ನೋಡಿದೆ. ಎಲ್ಲ ಫೋಟೋದಲ್ಲೂ ಅದು ಒಂದೇ ಗೋಧಿ ಕಣಜದ ಹಿಂದೆಯೇ ಇದೆ. ಎಡಕ್ಕೂ ಸರಿದಿಲ್ಲ, ಬಲಕ್ಕೂ ಸರಿದಿಲ್ಲ, ದಪ್ಪ ಮಾತ್ರ ಆಗುತ್ತಾ ಹೋಗಿದೆ. ಪಕ್ಕಕ್ಕೆ ಸರಿಯದ ಗಾಳಿ ನಮ್ಮ ಕಡೆಗೇ ಬರುತ್ತಿರುತ್ತದೆ ಅಂತ ನನಗೆ ಕಲಿಸಿದ್ದು ನೀನೇ ಅಲ್ಲವಾ? ಕ್ಯಾಮೆರಾಕ್ಕೆ ಕಣ್ಣಿಟ್ಟ ಮೇಲೆ ನಿನಗೇ ಅದು ಮರೆತುಹೋಗಿದೆ. ನನಗೆ ರಾತ್ರಿಯೆಲ್ಲ ನಿದ್ದೆಯಿಲ್ಲ.

ನಿನ್ನ ಜೊತೆ ಗಾಳಿ ಬೆನ್ನಟ್ಟುವ ಆ ಕರ್ಟ್ ಬಂದು ಎಷ್ಟು ಹಾರ್ನ್ ಹೊಡೆದರೂ ಅವನ ಕಾರು ಹತ್ತಬೇಡ.

ಸಿಟ್ಟು ಬಂದರೆ ಬಾಯಿ ತುಂಬ ಬೈ. ಮನೆಯಲ್ಲೇ ಕೂತು ಬೈ.

ಲೋರ್ನಾ