ಬಳ್ಳಿಯ ಕೆಳಗಿನ ಗಾಯ

ತೇಲೂರು, ಕೃಷ್ಣೆಯ ಹಿನ್ನೀರು
ಕ್ರಿ.ಶ. 2214, ಪಾಚಿ ತಿಂಗಳ ಹದಿಮೂರು

ಬಲು ಹಿಂದಿನ ಕಾಲದಲ್ಲಿರುವ ನನ್ನ ಹಿರಿಯರಿಗೆ,

ನನ್ನ ಅಕ್ಷರ ಸೊಟ್ಟ, ಕಾಗುಣಿತವೂ ತಪ್ಪಿರಬಹುದು, ಕ್ಷಮಿಸಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಕೆಲವು ಮಾತುಗಳೂ ನಿಮಗೆ ಹೊಸವು. ಪಾಚಿ ತಿಂಗಳೆಂದರೆ ನೀರು ಹಸಿರಾಗಿ, ಊರೆಲ್ಲ ದೋಣಿಯಲ್ಲಿ ಪಾಚಿ ಬಾಚುವ ಕಾಲ. ಅದೇ ನಮ್ಮ ಸುಗ್ಗಿ.

ನಮ್ಮಲ್ಲಿ ಗಾಯ ಮಾಯ್ದ ಮೇಲೆ ಅದರ ಮೇಲೆ ಹಚ್ಚೆ ಹೊಯ್ಯುತ್ತಾರೆ. ಹಚ್ಚೆ ಬಿದ್ದ ಗಾಯದ ಸುದ್ದಿ ಯಾರೂ ಎತ್ತಬಾರದು. ಎತ್ತಿದರೆ ನೋವು ಮರಳುತ್ತದೆ ಎಂದು ನಂಬಿಕೆ. ನನ್ನ ಸೋದರತ್ತೆ ತಂಗೆವ್ವನ ಹೊಕ್ಕಳ ಸುತ್ತ ಚೆಂದದ ಕುಂಬಳಬಳ್ಳಿಯ ಹಚ್ಚೆ ಇದೆ. ಹರೆಯದಲ್ಲಿ ಕರುಳು ತಿರುಚಿ ಅವಳ ಹೊಟ್ಟೆ ಕೊಯ್ದಿದ್ದರೆಂದು ಅಜ್ಜಿ ಸಾಯುವ ಮುಂಚೆ ನನ್ನ ಕಿವಿಯಲ್ಲಿ ಹೇಳಿದ್ದಳು.

ಈ ವರ್ಷ ಅತ್ತೆಯ ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಗಂಟು ಕಂಡಿತು. ಅದನ್ನು ಸೂಜಿಬಾಗಿಲಿನಿಂದ ತೆಗೆಯಬಹುದೇ ಎಂದು ನೋಡಲು ಆಸ್ಪತ್ರೆ ದೋಣಿಯ ಡಾಕ್ಟರ್ ಮೆಹರಾಜ್ ಬಂದರು. ಹೊಟ್ಟೆಗೆ ಸಣ್ಣ ತೂತು ಮಾಡಿ, ಗಾಳಿ ತುಂಬಿ ಉಬ್ಬಿಸಿ, ಒಳಗೆ ಕ್ಯಾಮೆರಾ ಇಳಿಸಿ ಕೊಯ್ಯುವುದಕ್ಕೆ ನಾವು ಸೂಜಿಬಾಗಿಲು ಎನ್ನುತ್ತೇವೆ. ಹಾಗಾದರೆ ಗಾಯ ಬೇಗ ಮಾಯ್ದು, ಸುಗ್ಗಿಗೆ ದೋಣಿಯ ಹುಟ್ಟು ಹಿಡಿಯಬಹುದು. ಅತ್ತೆಗೆ ಬೇಕಾಗಿದ್ದೂ ಅದೇ. ಆದರೆ ಅದು ಎಲ್ಲರಿಗೂ ಆಗುವುದಿಲ್ಲ. ಗಂಟು ತೀರ ದೊಡ್ಡದಿರಬಾರದು, ಕರುಳು ಕಟ್ಟಿರಬಾರದು, ಉಬ್ಬಿದ ಹೊಟ್ಟೆಯಲ್ಲಿ ತಲೆ ತಗ್ಗಿಸಿ ಬಹಳ ಹೊತ್ತು ಮಲಗುವುದನ್ನು ಎದೆ ತಾಳಬೇಕು.

ತಲೆ ಕೆಳಗಾಗಿ ಮಲಗಬೇಕೆಂದು ಕೇಳಿ ಅತ್ತೆ ನಕ್ಕಳು. "ಗಂಡನ ಮನ್ಯಾಗ ಇಪ್ಪತ್ತು ವರ್ಷ ಹಂಗಾ ಇದ್ದೆನ್ರಿ."

"ಹಿಂದ ಯಾವಾಗರ ಹೊಟ್ಟಿ ಕೊಯ್ದಿದ್ರೇನವ್ವ?" ಎಂದು ಡಾಕ್ಟರು ಕೇಳಿದರು.

"ಇಲ್ರಿ."

ಡಾಕ್ಟರು ಮೊದಲ ತೂತಿಗೆಂದು ಹೊಕ್ಕಳ ಹತ್ತಿರ, ಬಳ್ಳಿಯ ಮೇಲೆಯೇ ಗುರುತು ಹಾಕಿದರು. ನನಗೆ ಹೊರಗಿನವರ ಮುಂದೆ ನಾಲಿಗೆ ಏಳುವುದಿಲ್ಲ. ನೆಲ ನೋಡುತ್ತಲೇ ಹೇಳಿದೆ, "ಬಳ್ಳಿ ಕೆಳಗ ಹಳೇ ಗಾಯ ಐತ್ರಿ."

"ಬಾಯಿಲ್ಲದಾಕಿಗೆ ಇವತ್ತು ಬಾಯಿ ಬಂತು ನೋಡ್ರಿ," ಎಂದು ಅತ್ತೆ ಮುಖ ತಿರುಗಿಸಿದಳು.

ಡಾಕ್ಟರು ಅವಳನ್ನು ಬೈಯಲಿಲ್ಲ. ಹಳೆಯ ಕೊಯ್ತ ಇದ್ದವರಿಗೂ ಎಷ್ಟೋ ಸಲ ಸೂಜಿಬಾಗಿಲು ಆಗುತ್ತದೆ, ಆದರೆ ಎಲ್ಲಿಂದ ಒಳಹೋಗಬೇಕೆಂದು ತಿಳಿದಿರಬೇಕು ಎಂದರು. ಗುರುತು ಅಳಿಸಿ, ಅತ್ತೆಗೆ ಮತ್ತಿನ ಮದ್ದು ಕೊಟ್ಟು, ಬಳ್ಳಿಯಿಂದ ದೂರ ಪಕ್ಕೆಲುಬಿನ ಕೆಳಗಿಂದ ಕ್ಯಾಮೆರಾ ಇಳಿಸಿದರು. ಬಳ್ಳಿಯ ಕೆಳಗೆ ಕರುಳು ಹೊಟ್ಟೆಯ ಗೋಡೆಗೆ ಅಂಟಿಕೊಂಡಿತ್ತು. ಅಲ್ಲೇ ಚುಚ್ಚಿದ್ದರೆ ಕರುಳೇ ತೂತಾಗುತ್ತಿತ್ತು. ಅಂಟು ಬಹಳ ಇದ್ದುದರಿಂದ ಕೊನೆಗೆ ಉದ್ದಕ್ಕೆ ಕೊಯ್ದೇ ಗಂಟು ತೆಗೆದರು.

ಅತ್ತೆ ಬದುಕಿದಳು. ಸುಗ್ಗಿಗೆ ಮಾತ್ರ ಹೋಗಲಾಗಲಿಲ್ಲ. ಕಿಟಕಿಯಿಂದ ಉಳಿದವರ ದೋಣಿ ನೋಡುತ್ತ ಮಲಗಿರುತ್ತಾಳೆ, ನಿನ್ನೆಯವರೆಗೂ ನನ್ನೊಡನೆ ಮಾತಿರಲಿಲ್ಲ. ಹಿರಿಯರೇ, ಈ ಪದ್ಧತಿ ಶುರು ಮಾಡಿದವರು ನೀವೋ, ನಿಮ್ಮ ಮಕ್ಕಳೋ ತಿಳಿಯದು. ಹಚ್ಚೆ ಬೇಕಾದರೆ ಹೊಯ್ಯಿಸಿಕೊಳ್ಳಿ. ಡಾಕ್ಟರು ಕೇಳಿದಾಗ ಗಾಯದ ಮಾತು ಮಾತ್ರ ಮುಚ್ಚಬೇಡಿ.

ಇವತ್ತು ಬೆಳಿಗ್ಗೆ ಅತ್ತೆಯ ತಲೆ ಬಾಚುತ್ತಿದ್ದೆ. "ಬಿಗಿ ಆತು," ಎಂದಳು. ಜಡೆ ಬಿಚ್ಚಿ, ಸಡಿಲವಾಗಿ ಮತ್ತೆ ಹೆಣೆದೆ.