ನಿಮ್ಮ ಫಲಕದ ಸೋಡಾ, ನನ್ನ ತಮ್ಮನ ಪಾದ

ಕಾರ್ಖಾನೆ ಸುರಕ್ಷತಾ ಇಲಾಖೆಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಒಂದು ಕಿಲೋ ಆಸಿಡ್‌ಗೆ ಒಂದು ಕಿಲೋ ಸೋಡಾ ಎಂದು ನಿಮ್ಮ ಇಲಾಖೆ ಬರೆಸಿ ನೇತುಹಾಕಿರುವ ಫಲಕ ತಪ್ಪು. ಆ ತಪ್ಪಿನಿಂದ ನನ್ನ ತಮ್ಮನ ಎರಡೂ ಪಾದಗಳ ಚರ್ಮ ಸುಲಿದುಹೋಗಿದೆ. ಮುಂದೆ ಓದಲು ಪುರುಸೊತ್ತಿಲ್ಲದಿದ್ದರೆ ಇಷ್ಟು ಸಾಕು, ಎದ್ದು ಹೋಗಿ ಫಲಕ ಇಳಿಸಿ. ಪುರುಸೊತ್ತಿದ್ದರೆ ಕೂತು ಪೂರ್ತಿ ಓದಿ. ನಿಮ್ಮ ಮೇಲೆ ನನಗೆ ಮೊದಲು ಸಿಟ್ಟಿತ್ತು. ಈಗ ಅದೂ ಇಲ್ಲ, ಬರೀ ಹೇಸಿಗೆ.

ನನ್ನ ತಮ್ಮ ಪ್ಲೇಟಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಬಾಗಿಲಿನ ಕೀಲು, ಚಿಲಕ, ಬೋಲ್ಟು ಇಂಥ ಕಬ್ಬಿಣದ ಸಾಮಾನಿಗೆ ಹೊಳಪಿನ ಲೇಪ ಕೊಡುವ ಮೊದಲು ತುಕ್ಕು ಬಿಡಿಸಲು ಹೈಡ್ರೋಕ್ಲೋರಿಕ್ ಆಸಿಡ್‌ನ ತೊಟ್ಟಿಯಲ್ಲಿ ಅದ್ದುತ್ತಾರೆ. ಅದ್ದಿ ಅದ್ದಿ ಆಸಿಡ್‌ನ ಶಕ್ತಿ ಕುಂದಿದ ಮೇಲೆ ಅದನ್ನು ಹಿತ್ತಲ ಗುಂಡಿಗೆ ಬಿಟ್ಟು, ಸೋಡಾ ಹಾಕಿ ಸಾಯಿಸಿ, ಆಮೇಲೆ ಮೋರಿಗೆ ಹರಿಸಬೇಕು. 'ಸಾಯಿಸುವುದು' ಎನ್ನುವುದು ಆ ಬೀದಿಯವರ ಮಾತು. ಮೊದಲೆಲ್ಲ ಕೊನೆಗೊಂದು ಲಿಟ್ಮಸ್ ಕಾಗದ ಅದ್ದಿ ನೋಡುತ್ತಿದ್ದರು. ಕಾಗದ ಕೆಂಪಾದರೆ ಇನ್ನಷ್ಟು ಸೋಡಾ, ಆಗದಿದ್ದರೆ ಮೋರಿಯ ಬಾಗಿಲು ತೆರೆ. ಅದರಲ್ಲೇನೂ ಮಹಾ ವಿದ್ಯೆ ಇರಲಿಲ್ಲ, ಡಬ್ಬಿಯ ಮೇಲೇ ಹಾಗೆ ಅಚ್ಚಾಗಿತ್ತು.

ಅಷ್ಟರಲ್ಲಿ ನಿಮ್ಮ ಇಲಾಖೆಗೆ ವಿಜ್ಞಾನದ ಮೇಲೆ ಪ್ರೀತಿ ಉಕ್ಕಿತು. ಬೀದಿಯ ಪ್ರತಿ ಅಂಗಡಿಗೂ ಮಿರಮಿರ ಮಿಂಚುವ ಫಲಕ ಬಂತು. ಮೇಲೆ ರಾಸಾಯನಿಕ ಸಮೀಕರಣ: ಒಂದು ಆಮ್ಲ, ಒಂದು ಸೋಡಿಯಂ ಬೈಕಾರ್ಬನೇಟ್, ಅಂದರೆ ಸೋಡಾ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ, ನಿಮ್ಮ ಪ್ರಯೋಗಾಲಯ ತೊಟ್ಟಿಯ ಮಾದರಿ ಪರೀಕ್ಷಿಸಿ ತಿಳಿಸಿದಷ್ಟು ತೂಕದ ಆಮ್ಲಕ್ಕೆ ಅಷ್ಟೇ ತೂಕದ ಸೋಡಾ ಸೇರಿಸತಕ್ಕದ್ದು ಎಂಬ ಅಪ್ಪಣೆ. ಕೊನೆಯಲ್ಲಿ ಇನ್ನೊಂದು ಮುತ್ತು: 'ಹೀಗೆ ಸಂಸ್ಕರಿಸಿದ ನೀರು ಸಾಮಾನ್ಯ ನೀರಿಗೆ ಸಮಾನ. ಬೇರೆ ಪರೀಕ್ಷೆ ಅನಗತ್ಯ.' ಅನಗತ್ಯ ಎಂದ ಮೇಲೆ ಲಿಟ್ಮಸ್ ಡಬ್ಬಿಗಳು ಯಾಕೆ? ನಿಮ್ಮ ತಪಾಸಣಾಧಿಕಾರಿ ಅವನ್ನೂ ಚೀಲಕ್ಕೆ ತುಂಬಿಕೊಂಡು ಹೋದರು.

ಮಾನ್ಯರೇ, ನಾನು ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವವಳು. ನಿಮ್ಮ ಇಲಾಖೆ ಮಾಡಿದ ತಪ್ಪನ್ನು ಪ್ರತಿ ವರ್ಷ ಯಾರಾದರೊಬ್ಬ ವಿದ್ಯಾರ್ಥಿ ಮಾಡುತ್ತಾನೆ, ನಾನು ತಿದ್ದುತ್ತೇನೆ, ಅವನು ನಾಲಿಗೆ ಕಚ್ಚಿಕೊಂಡು ಕೂರುತ್ತಾನೆ. ಅವನ ತಪ್ಪಿಗೆ ಯಾರ ಕಾಲೂ ಸುಡುವುದಿಲ್ಲ. ಸಮೀಕರಣ ಅಣುಗಳ ತಲೆ ಎಣಿಸುತ್ತದೆ, ತೂಕ ಹೇಳುವುದಿಲ್ಲ. ಒಂದು ಬೋಲ್ಟಿಗೆ ಒಂದು ನಟ್ಟು ಬೇಕು ನಿಜ. ಹಾಗೆಂದು ಒಂದು ಕಿಲೋ ಬೋಲ್ಟಿಗೆ ಒಂದು ಕಿಲೋ ನಟ್ಟು ತಂದರೆ ಏನಾಗುತ್ತದೆ? ಭಾರದ ಬೋಲ್ಟು ಬೇಗ ಮುಗಿಯುತ್ತದೆ, ಹಗುರದ ನಟ್ಟು ರಾಶಿ ಉಳಿಯುತ್ತದೆ. ಇಲ್ಲಿ ಸೋಡಾ ಭಾರದ್ದು, ಆಮ್ಲ ಹಗುರದ್ದು. ಮೂವತ್ತಾರೂವರೆ ಗ್ರಾಂ ಆಮ್ಲಕ್ಕೆ ಎಂಬತ್ನಾಲ್ಕು ಗ್ರಾಂ ಸೋಡಾ ಬೇಕು. ಅಂದರೆ ಕಿಲೋ ಆಮ್ಲಕ್ಕೆ ಸುಮಾರು ಎರಡು ಕಿಲೋ ಮುನ್ನೂರು ಗ್ರಾಂ. ನಿಮ್ಮ ಅಪ್ಪಣೆಯಂತೆ ನಡೆದರೆ ಗುಂಡಿಯಲ್ಲಿ ಅರ್ಧಕ್ಕಿಂತ ಹೆಚ್ಚು ಆಮ್ಲ ಜೀವಂತ. ಅದನ್ನೇ ನೀವು ಸಾಮಾನ್ಯ ನೀರು ಎಂದು ಕರೆದಿರಿ. ನಿಮ್ಮ ಮೇಜಿನ ಮೇಲಿನ ಲೋಟದಲ್ಲಿ ಅದೇ ಸಾಮಾನ್ಯ ನೀರನ್ನು ತುಂಬಿಡಲೇ?

ಆ ಬೀದಿಯಲ್ಲೊಂದು ರೂಢಿ ಇದೆ. ಸೋಡಾ ಸುರಿದಾಗ ನೊರೆ ಬುಸುಬುಸು ಏಳುತ್ತದೆ. ನೊರೆ ಇಳಿದರೆ ಕೆಲಸ ಮುಗಿದಂತೆ. ಕಾಗದ ಅದ್ದುವ ಕಾಲದಲ್ಲಿ ಈ ರೂಢಿಯಿಂದ ಅಪಾಯವಿರಲಿಲ್ಲ. ನನ್ನ ತಮ್ಮ ಅವತ್ತು ಫಲಕ ನೋಡಿ ಸೋಡಾ ತೂಗಿದ, ಸುರಿದ, ನೊರೆ ಎದ್ದು ಇಳಿಯಿತು. ಇಳಿದದ್ದು ಸೋಡಾ ಮುಗಿದದ್ದಕ್ಕೆ. ಆಸಿಡ್ ಮುಗಿಯಿತು ಎಂದು ಅವನು ತಿಳಿದ. ಮೇಲಿನ ನೀರು ಹರಿಸಿ, ತಳದ ಕೆಸರು ಬಾಚಲು ಗುಂಡಿಗೆ ಇಳಿದ. ಬೂಟಿನ ಅಡಿ ಬಿರುಕು ಬಿಟ್ಟಿತ್ತು. ಕಾಲು ಒದ್ದೆಯಾಯಿತು, ನವೆ ಶುರುವಾಯಿತು, ಆಮೇಲೆ ಉರಿ. ಹಿಡಿದ ಕೆಲಸ ಅರ್ಧಕ್ಕೆ ಬಿಡುವ ಜಾಯಮಾನ ಅವನದಲ್ಲ, ಬಾಚಿಯೇ ಮೇಲೆ ಬಂದ. ಬೂಟು ಕಳಚಿದಾಗ ಕಾಲುಚೀಲದ ಜೊತೆ ಚರ್ಮವೂ ಬಂತು.

ನಿಮ್ಮ ವರದಿ 'ಕಾರ್ಮಿಕನ ಅಜಾಗರೂಕತೆ, ಹರಿದ ಬೂಟು' ಎಂದಿದೆ. ಬೂಟು ಹರಿದಿತ್ತು, ಒಪ್ಪಿದೆ. ಒಳಗೆ ಬಂದದ್ದು ನೀವು ಹೇಳಿದ ಸಾಮಾನ್ಯ ನೀರಾಗಿದ್ದರೆ ಕಾಲು ನೆನೆಯುತ್ತಿತ್ತು, ಬೇಯುತ್ತಿರಲಿಲ್ಲ.

ಇದನ್ನೆಲ್ಲ ತಿಳಿಸಲು ನಿಮ್ಮ ಕಚೇರಿಗೇ ಬಂದಿದ್ದೆ. ನೀವು ಸಭೆಯಲ್ಲಿದ್ದಿರಿ. ಫಲಕ ಸಿದ್ಧಪಡಿಸಿದ ನಿಮ್ಮ ತಾಂತ್ರಿಕ ಅಧಿಕಾರಿ ಸಿಕ್ಕರು. ಸಮೀಕರಣದ ಮೇಲೆ ಪೆನ್ನಿನಿಂದ ಕುಟ್ಟಿ ತೋರಿಸಿದರು.

"ನೋಡಿ ಮೇಡಂ, ಈ ಕಡೆ ಒಂದು, ಈ ಕಡೆ ಒಂದು. ಎಲ್ಲಿದೆ ತಪ್ಪು?"

ನಾನು ಚೀಲದಿಂದ ಒಂದಷ್ಟು ನಟ್ಟು ಬೋಲ್ಟು ತೆಗೆದು ಅವರ ಮೇಜಿನ ಮೇಲೆ ಹರವಿದೆ. "ಸರ್, ಇವನ್ನ ತೂಕ ಹಾಕಿ ನೋಡಿ, ನಿಮಗೇ ಗೊತ್ತಾಗತ್ತೆ."

"ಮೇಡಂ, ಇದು ಹಾರ್ಡ್‌ವೇರ್ ಅಂಗಡಿ ಅಲ್ಲ. ಮೊದಲು ಇವನ್ನ ತೆಗೀರಿ, ಮೇಜಿನ ಗಾಜು ಗೀರತ್ತೆ."

"ಗಾಜು ಗೀರತ್ತೆ ಅಂತೀರಲ್ಲ, ನನ್ನ ತಮ್ಮನ ಕಾಲು ಸುಟ್ಟಿದೆ ಸರ್."

"ಅದಕ್ಕೆ ನಮಗೂ ಬೇಜಾರಿದೆ. ಆದ್ರೆ ಎಲ್ಲಾ ಅಂಗಡಿಗೂ ಫಲಕ ಕೊಟ್ಟಾಗಿದೆ. ಈಗ ವಾಪಸ್ ತಗೊಂಡ್ರೆ ಇಲಾಖೆ ಮರ್ಯಾದೆ ಏನಾಗ್ಬೇಕು ಹೇಳಿ?"

ಅವರಿಗೆ ತಪ್ಪು ಅರ್ಥವಾಗಿತ್ತು. ಅದು ಅವರ ಮುಖದಲ್ಲೇ ಕಂಡಿತು. ಅರ್ಥವಾಗಿರದಿದ್ದರೆ ಇನ್ನೊಮ್ಮೆ ಪಾಠ ಹೇಳಬಹುದಿತ್ತು. ಅರ್ಥವಾಗಿಯೂ ಗಾಜಿನ ಚಿಂತೆ ಮಾಡುವವರಿಗೆ ಏನು ಹೇಳಲಿ? ಎದ್ದು ಬಂದೆ.

ಅಲ್ಲಿಂದ ನೇರವಾಗಿ ಆಸ್ಪತ್ರೆಗೆ ಹೋದೆ. ತಮ್ಮ, ಕಾಲಿಗೆ ಬಟ್ಟೆ ತಾಗದಂತೆ ಹೊದಿಕೆ ಎತ್ತಿಕಟ್ಟಿಸಿಕೊಂಡು ಮಲಗಿದ್ದ. ನನ್ನನ್ನು ಕಂಡೊಡನೆ ನೋವಿನ ಮಾತಾಡಲಿಲ್ಲ.

"ಅಕ್ಕ, ಅಂಗಡಿ ತಕ್ಕಡಿ ಸರಿಯಿದ್ಯಾ ಅಂತ ನೋಡಿಸಿದ್ಯಾ?"

"ನೋಡಿಸ್ದೆ ಕಣೋ, ಸರಿಯಾಗಿದೆ."

"ಹಾಗಿದ್ರೆ ನಾನೇ ತೂಗೋದ್ರಲ್ಲಿ ಎಲ್ಲೋ ಎಡವಿದ್ದೀನಿ. ಬೋರ್ಡು ಗೋಡೆ ಮೇಲೇ ಇತ್ತು, ಆದ್ರೂ ತಪ್ಪು ಮಾಡ್ದೆ. ಎಂಥಾ ದಡ್ಡ ನಾನು!"

"ನೀನು ತಪ್ಪು ಮಾಡಿಲ್ಲ, ಬೋರ್ಡೇ ತಪ್ಪು."

"ಸುಮ್ನಿರಕ್ಕ, ನನ್ನ ಸಮಾಧಾನಕ್ಕೆ ಹೇಳ್ಬೇಡ. ಆಫೀಸ್ನೋರು ಓದಿರೋರು, ಅವರಿಗೆ ಗೊತ್ತಿರಲ್ವಾ?"

ನನಗಿಂತ ನಿಮ್ಮ ಮೇಲೆ ಅವನಿಗೆ ನಂಬಿಕೆ ಹೆಚ್ಚು. ಅವನ ಪಾದದ ಚರ್ಮ ಇಂದಲ್ಲ ನಾಳೆ ಬೆಳೆಯುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ತಾನು ದಡ್ಡ ಎಂದು ಅವನ ತಲೆಗೆ ಹೊಕ್ಕಿರುವುದನ್ನು ಯಾವ ಮುಲಾಮು ತೆಗೆಯುತ್ತದೆ? ಅವನು ಮತ್ತೆ ಆ ಅಂಗಡಿಗೇ ಹೋಗುತ್ತಾನೆ. ಈ ಸಲ ಇನ್ನೂ ಹುಷಾರಾಗಿ, ತಕ್ಕಡಿಯ ಮುಳ್ಳು ಅಲುಗಾಡದಂತೆ ಉಸಿರು ಬಿಗಿಹಿಡಿದು, ಕಿಲೋಗೆ ಕಿಲೋ ತೂಗುತ್ತಾನೆ. ಆಮೇಲೆ ಅದೇ ಗುಂಡಿಗೆ ಇಳಿಯುತ್ತಾನೆ. ನನ್ನ ನಿದ್ದೆ ಕೆಡಿಸಿರುವುದು ಇದು.

ಫಲಕಗಳನ್ನು ಈ ವಾರವೇ ಇಳಿಸಿ, ಲಿಟ್ಮಸ್ ಡಬ್ಬಿಗಳನ್ನು ಹಿಂತಿರುಗಿಸಿ, ವರದಿ ತಿದ್ದಿ. ಪರಿಹಾರದ ಬಗ್ಗೆ ಅಂಗಡಿಯವರು ನಿಮ್ಮೊಡನೆ ಮಾತಾಡುತ್ತಾರೆ. ನನ್ನದು ಇನ್ನೊಂದು ಬೇಡಿಕೆ. ನಿಮ್ಮಲ್ಲಿ ಯಾರಾದರೊಬ್ಬರು ಅಧಿಕಾರಿ, ಕೊರಳಲ್ಲಿ ಇಲಾಖೆಯ ಗುರುತಿನ ಚೀಟಿ ನೇತುಹಾಕಿಕೊಂಡೇ ಬನ್ನಿ, ನನ್ನ ತಮ್ಮನ ಹಾಸಿಗೆಯ ಪಕ್ಕ ನಿಂತು ಹೇಳಿ: "ನೀನು ಸರಿಯಾಗೇ ತೂಗಿದ್ದೆ ಕಣಪ್ಪ. ಲೆಕ್ಕ ತಪ್ಪಿದ್ದು ನಾವು." ನಾನು ಹೇಳಿದರೆ ಅವನು ನಂಬುವುದಿಲ್ಲ. ಅವನ ಕಾಲು ಸುಟ್ಟ ನೀವು ಹೇಳಿದರೆ ನಂಬುತ್ತಾನೆ.

ಇಂತಿ,
ನಿಮ್ಮ ತಾಂತ್ರಿಕ ಅಧಿಕಾರಿ ತನ್ನ ಹಳೆಯ ವಿದ್ಯಾರ್ಥಿಯಾಗಿರದಿರಲಿ ಎಂದು ಹಾರೈಸುವ,
ಒಬ್ಬ ರಸಾಯನಶಾಸ್ತ್ರದ ಟೀಚರ್